ಮಕ್ಕಳ ಹಡಗಿನಲ್ಲಿ ನಾವಿಬ್ಬರು

ಕಳೆದ ತಿಂಗಳು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಇಂಗ್ಲಿಷ್ ಮೇಡಂ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಅವರಿಗೆ ಮದುವೆಯಾಗಿ ಕೆಲವು ವರ್ಷಗಳಾಗಿವೆ, ಮಕ್ಕಳಿಲ್ಲ, ಬೇಕು ಅಂತಲೂ ಇಲ್ಲ.

"ಮೇಡಂ, ನೀವು ಆ ಫ್ಯಾಮಿಲಿ ಕ್ರೂಸ್‌ಗೆ ಹೋಗಿದ್ರಲ್ಲ, ಮಕ್ಳಿಲ್ದೋರಿಗೆ ಅಲ್ಲಿ ಖುಷಿ ಆಗುತ್ತಾ?" ಎಂದು ಕೇಳಿದರು.

"ಹಡಗು ಬಲು ಚಂದ ಐತೆ, ಹೋಗ್ರಿ. ನೆಂಟ್ರನ್ನ ಮಾತ್ರ ಜೊತೇಲಿ ಕರ್ಕಂಡ್ ಹೋಗ್ಬೇಡ್ರಿ" ಎಂದೆ.

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನಾನು ಹಿರಿಯೂರಿನಲ್ಲಿ ಪಿಯು ಹುಡುಗರಿಗೆ ಭೂಗೋಳ ಕಲಿಸುತ್ತೇನೆ. ಮನೆ ಚಿತ್ರದುರ್ಗದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ತವರು ಹೊಳಲ್ಕೆರೆ. ನನ್ನ ಗಂಡನಿಗೆ ದುರ್ಗದಲ್ಲೇ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟುಗಳನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಂತಿ ಸುತ್ತುವ ಕೆಲಸ. ಅವರ ಹುಟ್ಟೂರು ಹಿರೇಗುಂಟನೂರು. ಕುರಿ ಸಾಕಿದ ಮನೆತನ, ಚಿಕ್ಕಪ್ಪಂದಿರು ಈಗಲೂ ಸಾಕುತ್ತಾರೆ. ಅತ್ತೆ ಮಾತ್ರ ಹಟ್ಟಿ ಬಿಟ್ಟು, ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ಮೈದುನನ ಮನೆಯಲ್ಲಿದ್ದಾರೆ. ಮೈದುನನಿಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಒಂಬತ್ತು ವರ್ಷ, ಹುಡುಗನಿಗೆ ಆರು.

ನಮಗೆ ಮಕ್ಕಳಾಗಲಿಲ್ಲ. ಮೊದಲ ಕೆಲವು ವರ್ಷ ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ತಿರುಗಿದೆವು. ಇಬ್ಬರಲ್ಲೂ ದೋಷವಿಲ್ಲ ಎನ್ನುತ್ತಿದ್ದರು, ಆದರೂ ಸೂಜಿಯೆಲ್ಲ ನನಗೇ. ಒಂದು ಭಾನುವಾರ ಸ್ಕೂಟರಿನಲ್ಲಿ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿದ್ದಾಗ, ಮೇಲೆ ಗಾಳಿಗೆ ಮೈಯೊಡ್ಡಿ ಕೂತು, ನಾಳೆ ಮತ್ತೆ ಆಸ್ಪತ್ರೆ ಎಂದು ನಾನು ಅತ್ತುಬಿಟ್ಟೆ. ಅವರು ನನ್ನ ಕೈ ಹಿಡಿದುಕೊಂಡು "ಸಾಕು ಬಿಡೆ. ನಾವಿಬ್ರೇ ಇರಾಣ" ಎಂದರು. ಆ ಮಾತು ಕೇಳಿದ ಮೇಲೆ ನನಗೆ ಬಂದ ಹಸಿವು ಇನ್ನೂ ನೆನಪಿದೆ. ಕೆಳಗಿಳಿದು ಬಂದವರೇ ಹೋಟೆಲಿಗೆ ನುಗ್ಗಿ ಹೊಟ್ಟೆ ಬಿರಿಯುವಷ್ಟು ತಿಂದೆವು.

ಅಲ್ಲಿಂದಾಚೆ ನಾವು ಸುಖವಾಗಿದ್ದೆವು. ರಜೆ ಬಂದರೆ ಹೊತ್ತೇರುವ ತನಕ ನಿದ್ದೆ. ಮನಸ್ಸು ಬಂದ ಕಡೆಗೆ ಬಸ್ಸು. ಒಂದೇ ಕೋಣೆಯಲ್ಲಿ ಅವರು ಟಿವಿ ನೋಡುತ್ತಿದ್ದರೆ ನಾನು ಪುಸ್ತಕ ಓದುತ್ತಿದ್ದೆ. ನೆಂಟರಿಗೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ, ಬಿದ್ದರೂ ಸಹಿಸುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ನನ್ನ ನಗು ಸ್ವಲ್ಪ ಜೋರಾದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ದುಃಖದಲ್ಲಿರಬೇಕಾದವಳು ನಗುತ್ತಿದ್ದಾಳಲ್ಲ ಎಂಬ ಸಿಟ್ಟು ಅದು.

ಹಡಗಿನ ವಿಷಯ ಎತ್ತಿದ್ದು ನನ್ನ ವಾರಗಿತ್ತಿ, ಎಂದರೆ ಮೈದುನನ ಹೆಂಡತಿ. ದಸರಾ ರಜೆಯ ಮೊದಲು ನಾವು ಹೊಸದುರ್ಗಕ್ಕೆ ಹೋಗಿದ್ದಾಗ ಮೊಬೈಲ್ ತಂದು ನನ್ನ ಮುಖಕ್ಕೆ ಹಿಡಿದಳು. ಮುಂಬಯಿಯಿಂದ ಹೊರಟು ಲಕ್ಷದ್ವೀಪ ಮುಟ್ಟಿ ಬರುವ ಹಡಗು. ಅದರ ತಲೆಯ ಮೇಲೆ ನೀರಿನ ಜಾರುಬಂಡೆ, ಗೊಂಬೆ ವೇಷದವರು, ಬಣ್ಣದ ಕೊಡೆಗಳು.

"ಅಕ್ಕ, ನೀವೂ ಬರ್ರಿ. ಒಂದು ರೂಮಿಗೆ ನಾಲ್ಕೇ ಜನ. ಅತ್ತೇನೂ ಸೇರಿ ನಾವು ಐದು ಜನ ಆಗ್ತೀವಿ. ಮಕ್ಳು ನಿಮ್ ರೂಮಲ್ಲಿ ಮಲಗ್ತಾರೆ" ಎಂದಳು. "ಹೆಂಗೂ ನಿಮಗೂ ಮಕ್ಳ ಜೊತೆ ಕಳೆದಂಗಾಗುತ್ತೆ" ಎಂದು ಸೇರಿಸಿದಳು.

ಅತ್ತೆ ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. "ಬರದೇ ಏನು ಮಾಡ್ತಾಳೆ? ಮನೇಲಿ ಯಾರೈದಾರೆ ಕಾಯಕೆ?" ಎಂದರು.

ನಾನು ಬೇಡವೆನ್ನಬೇಕಿತ್ತು. ಆದರೆ ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಅರಬ್ಬಿ ಸಮುದ್ರ ಬರೆದು ಅಳಿಸಿದವಳು ನಾನು. ಅದರ ಮಧ್ಯೆ ನಿಂತು ನೋಡುವ ಆಸೆ ದೊಡ್ಡದಾಗಿತ್ತು. ಗಂಡನ ಕಡೆ ನೋಡಿದೆ. ಹುಡುಗಿ ಆಗಲೇ ಅವರ ಬೆನ್ನ ಮೇಲೆ ಜೋತುಬಿದ್ದು "ದೊಡ್ಡಪ್ಪ, ಜಾರಾಣ, ಜಾರಾಣ" ಎನ್ನುತ್ತಿದ್ದಳು. ಅವರು ನನ್ನನ್ನು ಕೇಳಲಿಲ್ಲ. "ಹೋಗಾಣ" ಎಂದುಬಿಟ್ಟರು.

ಸ್ಲೀಪರ್ ಬಸ್ಸಿನಲ್ಲಿ ಮುಂಬಯಿ ಸೇರಿ ಹಡಗು ಹತ್ತಿದೆವು. ಹತ್ತುವ ಬಾಗಿಲಲ್ಲೇ ಕ್ಯಾಮೆರಾ ಹಿಡಿದವನೊಬ್ಬ ಒಂದೊಂದೇ ಕುಟುಂಬವನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ನಾವು ಏಳು ಜನ ಸಾಲಾಗಿ ನಿಂತೆವು. ಅತ್ತೆ ಎಡಕ್ಕೂ ಬಲಕ್ಕೂ ನೋಡಿ, ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಸರಿಸಿದರು.

"ನೀವಿಬ್ರೂ ಆಮೇಲೆ ತೆಗಸ್ಕಳ್ರಿ. ಇದು ಮಕ್ಳಿರೋರ ಫೋಟೋ. ಗೋಡೆಗೆ ಹಾಕಾದು."

ಕ್ಯಾಮೆರಾದವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಅವನು ತಲೆ ತಗ್ಗಿಸಿದ. ಹುಡುಗಿ "ದೊಡ್ಡಪ್ಪ ಬೇಕು" ಎಂದು ಕಾಲು ಬಡಿದಳು. ಅತ್ತೆ ಒಪ್ಪಿ ಅವರನ್ನು ಒಳಗೆ ಕರೆದರು. ಅವರು ಹೋದರು. ಹಾಗಾಗಿ ಹೊಸದುರ್ಗದ ಗೋಡೆಯ ಮೇಲಿರುವ ಆ ಫೋಟೋದಲ್ಲಿ ನಾನೊಬ್ಬಳೇ ಇಲ್ಲ.

ನಮ್ಮ ಕೋಣೆಗೆ ಕಿಟಕಿಯಿರಲಿಲ್ಲ. ಮಕ್ಕಳ ಹಾಸಿಗೆಗಳು ಚಾವಣಿಯಿಂದ ಕೆಳಗಿಳಿಯುತ್ತಿದ್ದವು. ಸಮುದ್ರ ಕಾಣುವ ಕೋಣೆ ಮೈದುನನದು. ನಾವು ಚೀಲ ಇಡುವಷ್ಟರಲ್ಲಿ ವಾರಗಿತ್ತಿ ಮಕ್ಕಳ ಬಟ್ಟೆ, ಹುಡುಗನ ಕೆಮ್ಮಿನ ಔಷಧಿ, ಈಜುವ ಚಡ್ಡಿ ಎಲ್ಲ ತಂದು ನಮ್ಮ ಹಾಸಿಗೆಯ ಮೇಲೆ ಸುರಿದು ಹೋದಳು. ಮತ್ತೆ ಅವಳು ಕಂಡದ್ದು ಮರುದಿನ ಮಧ್ಯಾಹ್ನದ ಊಟಕ್ಕೆ, ಮುಖಕ್ಕೆ ಏನೋ ಹಚ್ಚಿಸಿಕೊಂಡು ಬೆಳ್ಳಗೆ ಹೊಳೆಯುತ್ತಾ.

ಅಲ್ಲಿಯವರೆಗೆ ನಾವಿಬ್ಬರೂ ಮಕ್ಕಳ ಹಿಂದೆ ಓಡಿದೆವು. ಆ ಹಡಗಿನಲ್ಲಿ ಮಕ್ಕಳು ಮನುಷ್ಯರಾಗಿರಲಿಲ್ಲ, ದಂಡಾಗಿದ್ದರು. ಲಿಫ್ಟಿನ ಎಲ್ಲ ಗುಂಡಿ ಒತ್ತಿ ಓಡುವವರು, ಐಸ್‌ಕ್ರೀಮ್ ನೆಲಕ್ಕೆ ಸುರಿದು ಅದರ ಮೇಲೆ ಜಾರುವವರು, ಕೊಳದಲ್ಲೇ ಉಚ್ಚೆ ಹೊಯ್ದು ಅದನ್ನು ಕೂಗಿ ಹೇಳುವವರು. ಅಪ್ಪ ಅಮ್ಮಂದಿರು ಒರಗುಕುರ್ಚಿಗಳ ಮೇಲೆ ಸತ್ತವರಂತೆ ಬಿದ್ದುಕೊಂಡು, ಆಗಾಗ ಕಣ್ಣು ತೆರೆದು ತಮ್ಮದು ಮುಳುಗಿಲ್ಲ ಎಂದು ನೋಡಿ ಮತ್ತೆ ಮುಚ್ಚುತ್ತಿದ್ದರು. ನನ್ನ ಮೈದುನನ ಮಗ ಜಾರುಬಂಡೆಯ ಮೆಟ್ಟಿಲಲ್ಲಿ ಬೇರೆ ಹುಡುಗನ ಕೈ ಕಚ್ಚಿದ. ಆ ಹುಡುಗನ ತಾಯಿ ಬಂದು ನನಗೆ ಬೈದಳು, ನೀನೆಂಥ ತಾಯಿ ಎಂದು ಹಿಂದಿಯಲ್ಲಿ. ತಾಯಿಯಲ್ಲ ಎಂದು ಹೇಳುವಷ್ಟು ಹಿಂದಿ ನನಗೆ ಬರುತ್ತಿತ್ತು. ಹೇಳಿದೆ. ಅವಳು ಇನ್ನೂ ಜೋರಾಗಿ ಬೈದಳು.

ಹಡಗಿನ ತೀರಾ ಮೇಲಿನ ಅಂತಸ್ತಿನ ಹಿಂಬದಿಯಲ್ಲಿ ದೊಡ್ಡವರಿಗೆ ಮಾತ್ರ ಎಂದು ಬರೆದ ಒಂದು ಗಾಜಿನ ಬಾಗಿಲಿತ್ತು. ಊಟವಾದ ಮೇಲೆ ಮಕ್ಕಳನ್ನು ಅವರ ತಾಯಿಯ ಮುಂದೆ ನಿಲ್ಲಿಸಿ, "ಇವ್ರನ್ನ ನೋಡ್ಕ, ನಾನು ಮೇಲೆ ಹೋಗ್ತೀನಿ" ಎಂದೆ.

ಅವಳು ಫೋರ್ಕ್ ಕೆಳಗಿಟ್ಟಳು. "ಅಲ್ಲಕ್ಕ, ಅದಕ್ಕೇ ಅಲ್ವಾ ನಿಮ್ಮನ್ನ ಕರ್ಕಂಡ್ ಬಂದಿದ್ದು?"

"ನಾನು ಸಮುದ್ರ ನೋಡಕೆ ಬಂದಿರಾದು" ಎಂದೆ. ಗಂಡನನ್ನೂ ಕರೆದೆ. ಅವರು ಹುಡುಗನಿಗೆ ನೂಡಲ್ಸ್ ಕತ್ತರಿಸಿ ತಿನ್ನಿಸುತ್ತಿದ್ದರು. "ನೀನು ಹೋಗು, ನಾನು ಇವ್ರನ್ನ ನೋಡ್ಕಂತೀನಿ" ಎಂದರು.

ಆ ಗಾಜಿನ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಗದ್ದಲ ಒಮ್ಮೆಗೇ ನಿಂತಿತು. ಹತ್ತಾರು ಜನರಿದ್ದರು, ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಕಟಕಟೆ ಹಿಡಿದು ನಿಂತೆ. ಹಡಗಿನ ಹಿಂದೆ ಬಿಳಿಯ ದಾರಿಯೊಂದು ಬಿಚ್ಚಿಕೊಳ್ಳುತ್ತಾ ಹೋಗಿ ದೂರದಲ್ಲಿ ನೀಲಿಯಲ್ಲಿ ಸೇರಿ ಹೋಗುತ್ತಿತ್ತು. ಸುತ್ತ ಎಲ್ಲಿ ತಿರುಗಿದರೂ ನೆಲವಿಲ್ಲ. ಭೂಮಿ ದುಂಡಗಿದೆ ಎಂದು ಸಾವಿರ ಸಲ ಹೇಳಿದ್ದೆ, ಅದು ಕಣ್ಣಿಗೆ ಕಂಡದ್ದು ಅಂದೇ. ಒಂದು ಕಾಫಿ ತರಿಸಿಕೊಂಡು ಅದು ಆರುವ ತನಕ ಹಿಡಿದುಕೊಂಡೇ ಕೂತೆ. ಇಂಗ್ಲಿಷ್ ಮೇಡಂಗೆ ನಾನು ಹೋಗಿ ಎಂದದ್ದು ಈ ಮಧ್ಯಾಹ್ನದ ಬಲದ ಮೇಲೆ.

ಸಂಜೆಯ ಊಟಕ್ಕೆ ನಮ್ಮ ಮೇಜಿಗೆ ಹುಬ್ಬಳ್ಳಿಯ ಕುಟುಂಬವೊಂದನ್ನು ಕೂಡಿಸಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ಅತ್ತೆಗೆ ಉತ್ಸಾಹ ಬಂತು. ಆ ಮನೆಯ ಹೆಂಗಸು ತೊಡೆಯ ಮೇಲೆ ಕೂಸೊಂದನ್ನು ಕೂರಿಸಿಕೊಂಡು ಅನ್ನ ಕಲಸುತ್ತಿದ್ದಳು. ಮಾತಿನ ನಡುವೆ ನನ್ನನ್ನು "ನಿಮಗೆಷ್ಟು ಮಕ್ಕಳ್ರೀ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು.

"ಇವಳಿಗೆ ಆಗ್ಲಿಲ್ಲವ್ವ. ನಮ್ ಹಟ್ಟೀಲಿ ಗೊಡ್ಡು ಕುರಿ ಇದ್ರೆ ಅದ್ನೇ ಮೊದ್ಲು ಸಂತೆಗೆ ಹೊಡೀತಿದ್ವಿ. ಮನುಷ್ಯರನ್ನ ಹಂಗ್ ಮಾಡಾಕೆ ಬರಲ್ಲ, ಏನ್ ಮಾಡಾದು."

ಹೇಳಿ ನಕ್ಕರು. ವಾರಗಿತ್ತಿಯೂ ನಕ್ಕಳು, ಮೈದುನ ನೀರು ಕುಡಿದ. "ಅತ್ತೆ, ನಾವಿಬ್ರೂ ಸೇರಿ ಬ್ಯಾಡ ಅಂತ ಬಿಟ್ಟಿದ್ದು" ಎಂದೆ. ಗಂಡ ಈಗ ಹೌದು ಎನ್ನುತ್ತಾರೆ ಎಂದು ಕಾದೆ. ಅವರು ಹುಡುಗಿಯ ತಟ್ಟೆಯಿಂದ ಬಟಾಣಿ ಆರಿಸಿ ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಿದ್ದರು. ತಲೆಯೆತ್ತಲಿಲ್ಲ.

ಹುಬ್ಬಳ್ಳಿಯ ಹೆಂಗಸು "ಪಾಪ" ಎಂದಳು. ಎಂದು, ಕೂಸಿನ ಮುಖಕ್ಕೆ ಸೆರಗು ಅಡ್ಡ ಹಿಡಿದು, ಅದು ನನ್ನ ಕಣ್ಣಿಗೆ ಬೀಳದ ಹಾಗೆ ಆ ಕಡೆ ತಿರುಗಿಸಿಕೊಂಡು ತಿನ್ನಿಸತೊಡಗಿದಳು.

ಊಟ ಮುಗಿಸಿ ಕೋಣೆಗೆ ಬಂದರೆ ಅತ್ತೆ ನಮಗಿಂತ ಮೊದಲೇ ಬಂದು ಮಕ್ಕಳನ್ನು ಮಂಚದ ತುದಿಯಲ್ಲಿ ಕೂರಿಸಿದ್ದರು. ಊಟದ ಮೇಜಿನಿಂದ ಉಪ್ಪಿನ ಪೊಟ್ಟಣಗಳನ್ನು ಮುಷ್ಟಿ ತುಂಬ ತಂದಿದ್ದರು. ಅವುಗಳನ್ನು ಕಾಗದ ಸಮೇತ ಮಕ್ಕಳ ತಲೆಯ ಸುತ್ತ ಇಳಿ ತೆಗೆಯುತ್ತಾ, ಹೋದವರ ಕಣ್ಣು, ಬಂದವರ ಕಣ್ಣು, ಹಡೆಯದವರ ಕಣ್ಣು ಎಂದು ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದು ಅವರಿಗೆ ಕಂಡಿತು. ನಿಲ್ಲಿಸಲಿಲ್ಲ. ಮುಗಿಸಿ, ಬೆಂಕಿಯಿಲ್ಲದ್ದರಿಂದ ಪೊಟ್ಟಣಗಳನ್ನು ನಮ್ಮ ಕಕ್ಕಸಿಗೆ ಹಾಕಿ ನೀರು ಎಳೆದರು.

ಮರುದಿನ ದೊಡ್ಡ ಸಭಾಂಗಣದಲ್ಲಿ ಅಪ್ಪ ಮಕ್ಕಳ ಸ್ಪರ್ಧೆ ಇತ್ತು. ಹುಡುಗಿಯ ಅಪ್ಪ ಎಲ್ಲೋ ಇಸ್ಪೀಟು ಆಡುತ್ತಾ ಕೂತವನು ಬರಲಿಲ್ಲ. ಹುಡುಗಿ ನನ್ನ ಗಂಡನ ಕೈ ಹಿಡಿದು ಎಳೆದುಕೊಂಡು ವೇದಿಕೆಗೆ ಹೋದಳು. ನಾನು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಿದ್ದೆ, ವಾರಗಿತ್ತಿ ಮುಂದಿನ ಸಾಲಿನಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಮೈಕ್ ಹಿಡಿದವನು ಒಬ್ಬೊಬ್ಬರನ್ನೇ ಕೇಳುತ್ತಾ ಬಂದ. ಇವರ ಮುಂದೆ ನಿಂತು, ನಿಮ್ಮ ಮಗಳೇ ಎಂದು ಕೇಳಿದ.

"ಹಾಂ. ಮೇರಿ ಬೇಟಿ" ಎಂದರು.

ದಕ್ಖಿನಿ ಬೆರೆತ ದುರ್ಗದ ಹಿಂದಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಹುಡುಗಿ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕಳು. ಆಮೇಲೆ ಹಾಡು ಹಾಕಿದರು, ಕುಣಿದರು. ಮೊಣಕಾಲು ನೋವೆಂದು ಮೆಟ್ಟಿಲು ಹತ್ತದ ಮನುಷ್ಯ ಅವಳನ್ನು ಹೆಗಲ ಮೇಲೆ ಹೊತ್ತು ಗಿರಗಿರ ತಿರುಗಿದರು. ಮೊದಲ ಬಹುಮಾನ ಅವರಿಗೇ ಬಂತು, ಪ್ಲಾಸ್ಟಿಕ್ಕಿನ ಪದಕ. ಪದಕ ಕೊರಳಿಗೆ ಬಿದ್ದಾಗ ಅವರ ಮುಖದಲ್ಲಿದ್ದ ಬೆಳಕನ್ನು ನಾನು ನಮ್ಮ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ನಮ್ಮ ಮದುವೆಯಲ್ಲೂ ಇಲ್ಲ. ನೋಡಿದ್ದು ನನಗೆ ತಕ್ಷಣ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಸೂರ್ಯ ಮುಳುಗುವ ಹೊತ್ತಿಗೆ ಅವರನ್ನು ಬಲವಂತವಾಗಿ ಆ ಗಾಜಿನ ಬಾಗಿಲಿನಾಚೆ ಕರೆದುಕೊಂಡು ಹೋದೆ. ಪದಕ ಇನ್ನೂ ಕೊರಳಲ್ಲೇ ಇತ್ತು.

"ಯಾಕೆ ಹಂಗಂದ್ರಿ?"

"ಏನಂದೆ? ಮಗು ಖುಷಿ ಪಡ್ಲಿ ಅಂತ ಅಂದೆ."

"ಮಗು ಖುಷಿಗಾ?"

ಅವರು ಸಮುದ್ರ ನೋಡುತ್ತಾ ನಿಂತರು. ಪದಕವನ್ನು ಕೊರಳಿಂದ ತೆಗೆದು ಜೇಬಿಗಿಟ್ಟುಕೊಂಡು, "ಅವತ್ತು ಜೋಗಿಮಟ್ಟೀಲಿ ಸಾಕು ಅಂದಿದ್ದು ನೀನು ಅಳ್ತಿದ್ಯಲ್ಲ, ಅದಕ್ಕೆ. ನಂಗೆ ಸಾಕಾಗಿರ್ಲಿಲ್ಲ" ಎಂದರು.

"ಆಮೇಲಾದ್ರೂ ಹೇಳ್ಬೋದಿತ್ತಲ್ರಿ."

"ಹೆಂಗ್ ಹೇಳ್ಲಿ? ನೀನು ಅಷ್ಟು ಆರಾಮಾಗಿದ್ದೆ. ಒಂದಿನಾನೂ ಬೇಜಾರು ಮಾಡ್ಕಳ್ಲಿಲ್ಲ. ಆಸ್ಪತ್ರೆ ಬಿಟ್ ಮ್ಯಾಲೆ ಹಾಡ್ಕಂಡು ಅಡಿಗೆ ಮಾಡ್ತಿದ್ದೆ. ಇವಳಿಗೆ ಕರುಳೇ ಇಲ್ವಾ ಅನ್ಸೋದು." ಮತ್ತೆ, "ಅವ್ವ ಇನ್ನೊಂದು ಮದ್ವೆ ಮಾಡ್ಕ ಅಂದಾಗ ಬ್ಯಾಡ ಅಂದೆ. ಮಾಡ್ಕಂಡಿದ್ರೆ ಇಷ್ಟೊತ್ತಿಗೆ..." ಎಂದು ನಿಲ್ಲಿಸಿದರು.

"ಇಷ್ಟೊತ್ತಿಗೆ ನಿಮ್ಮದೇ ಒಂದು ಮಗು ಹೆಗಲ ಮ್ಯಾಲೆ ಇರೋದು" ಎಂದು ನಾನೇ ಮುಗಿಸಿದೆ.

ಅವರು ಇಲ್ಲ ಎನ್ನಲಿಲ್ಲ. ಹತ್ತಿರದಲ್ಲಿ ಒರಗಿದ್ದ ಹೆಂಗಸೊಬ್ಬಳು ತನ್ನ ಟೋಪಿಯನ್ನು ಮುಖದ ಮೇಲಕ್ಕೆ ಎಳೆದುಕೊಂಡಳು. ನಾನು ಕೇಳಬೇಕೆಂದಿದ್ದ ಪ್ರಶ್ನೆಗಳೆಲ್ಲ ಅಲ್ಲಿಗೆ ಮುಗಿದವು. ನಾವಿಬ್ಬರೂ ಸೇರಿ ಬದುಕಿದ್ದೇವೆಂದು ನಾನು ತಿಳಿದಿದ್ದ ಅಷ್ಟೂ ವರ್ಷ ನಾನೊಬ್ಬಳೇ ಬದುಕಿದ್ದೆ. ಅವರು ಕಾಯುತ್ತಿದ್ದರು, ನಾನು ಯಾವಾಗ ದುಃಖಪಡುತ್ತೇನೆ ಎಂದು.

ಉಳಿದ ದಿನಗಳನ್ನು ನಾನು ಆ ಮೇಲಿನ ಅಂತಸ್ತಿನಲ್ಲೇ ಕಳೆದೆ. ಲಕ್ಷದ್ವೀಪದ ತಿಳಿನೀರಿನಲ್ಲಿ ಮೊಣಕಾಲಿನವರೆಗೆ ಒಬ್ಬಳೇ ನಿಂತು ಬಂದೆ. ವಾರಗಿತ್ತಿ ನನ್ನ ಜೊತೆ ಮಾತು ಬಿಟ್ಟಳು. ಮಕ್ಕಳನ್ನು ನನ್ನ ಗಂಡನೇ ಮೀಯಿಸಿದರು, ಉಣ್ಣಿಸಿದರು, ಮಲಗಿಸಿದರು. ಮುಂಬಯಿಯಲ್ಲಿ ಇಳಿಯುವಾಗ ಹುಡುಗ ಅವರ ತೋಳಲ್ಲಿ ನಿದ್ದೆ ಹೋಗಿದ್ದ. ಅವರು ನಮ್ಮ ಚೀಲವನ್ನು ಹಡಗಿನಲ್ಲೇ ಮರೆತರು. ನಾನೇ ಹಿಂದಿರುಗಿ ತಂದೆ.

ದುರ್ಗಕ್ಕೆ ಬಂದ ಮೇಲೆ ಅವರು ಪ್ರತಿ ಭಾನುವಾರ ಅಂಗಡಿ ಮುಚ್ಚಿ ಹೊಸದುರ್ಗಕ್ಕೆ ಹೋಗತೊಡಗಿದರು. ನಾನು ತಡೆಯಲಿಲ್ಲ, ಜೊತೆಗೂ ಹೋಗಲಿಲ್ಲ. ಸೈಕಲ್ಲು, ಬಣ್ಣದ ಪೆಟ್ಟಿಗೆ, ಉಲನ್ ಟೋಪಿ, ಏನೇನೋ ಒಯ್ಯುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ, "ಹುಡುಗೀನ ಇಲ್ಲಿ ಸ್ಕೂಲಿಗೆ ಸೇರ್ಸಿದ್ರೆ ಹೆಂಗೆ? ನಮ್ಮನೇಲೇ ಇರ್ಲಿ" ಎಂದರು.

"ಅವ್ರು ಕೊಟ್ರೆ ಕರ್ಕಂಡ್ ಬರ್ರಿ" ಎಂದೆ. ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ಹೇಳಲು ನನಗೆ ಮನಸ್ಸಾಗಲಿಲ್ಲ.

ಆ ಭಾನುವಾರ ನಾನೂ ಹೋದೆ. ನೋಡಲೆಂದೇ ಹೋದೆ. ಅವರು ಬಸ್ಸಿನಲ್ಲಿ ಇಡೀ ದಾರಿ ಸ್ಕೂಲಿನ ವಿಷಯ ಹೇಳಿದರು. ಮನೆ ತಲುಪಿ, ಕಾಫಿ ಕುಡಿದು, ನಡುಮನೆಯಲ್ಲಿ ಎಲ್ಲರೂ ಕೂತಿದ್ದಾಗ ಮಾತು ತೆಗೆದರು. ಮೈದುನ ಗಡ್ಡ ಕೆರೆದುಕೊಂಡ. ವಾರಗಿತ್ತಿ ನೆಟ್ಟಗೆ ಕೂತಳು.

"ಭಾವ, ನಾವೇನು ಸತ್ತಿದೀವಾ ನಮ್ ಮಗೂನ ಬ್ಯಾರೆಯೋರ ಮನೇಲಿ ಬಿಡಾಕೆ? ನೀವು ವಾರವಾರ ಬರಾದೇ ಜಾಸ್ತಿ ಆಗೈತೆ. ಓಣೀಲಿ ಜನ ಏನಂತಾರೆ ಗೊತ್ತಾ?"

"ಬ್ಯಾರೆಯೋರು ಯಾರು? ನಾನು ಅವಳ ದೊಡ್ಡಪ್ಪ" ಎಂದರು ಇವರು. ನಂತರ ಅತ್ತೆಯ ಕಡೆ ತಿರುಗಿ, "ಅವ್ವ, ನೀನಾದ್ರೂ ಹೇಳು" ಎಂದರು.

ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಏನ್ ಹೇಳ್ಲಿ ಮಗಾ? ಅವತ್ತು ಬಡ್ಕಂಡೆ, ಕಿವಿಗೆ ಹಾಕ್ಕಳ್ಲಿಲ್ಲ. ಈಗ ತಮ್ಮನ ಮಕ್ಳ ಮ್ಯಾಲೆ ಕಣ್ಣು ಹಾಕಿದ್ರೆ ಹೆಂಗೆ?"

ಹುಡುಗಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಇವರು ಅವಳನ್ನು ಕೈಚಾಚಿ ಕರೆದರು. "ನೀನೇ ಹೇಳಮ್ಮ, ದೊಡ್ಡಪ್ಪನ ಜೊತೆ ಬರ್ತೀಯಾ?"

ಅವಳು ಹಿಂದಕ್ಕೆ ಸರಿದಳು. "ನೀನು ಸ್ಟೇಜಲ್ಲಿ ನಾನು ನಿನ್ ಮಗಳು ಅಂತ ಸುಳ್ಳು ಹೇಳ್ದೆ. ಅಮ್ಮ ಆ ವಿಡಿಯೋ ಎಲ್ರಿಗೂ ಕಳ್ಸಿದಾಳೆ. ನಮ್ ಕ್ಲಾಸಲ್ಲಿ ಎಲ್ರೂ ನಿಂಗೆ ಇಬ್ರು ಅಪ್ಪಂದಿರಾ ಅಂತ ನಗ್ತಾರೆ. ನೀನು ಇಲ್ಲಿಗೆ ಬರ್ಬೇಡ."

ಯಾರೂ ಅವಳನ್ನು ಗದರಲಿಲ್ಲ. ಚಾಚಿದ ಕೈ ಹಾಗೇ ಇತ್ತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ತಮ್ಮ ಮೊಣಕಾಲು ಒತ್ತಿಕೊಳ್ಳುವವರಂತೆ ನಟಿಸಿದರು. "ಊಟ ಮಾಡ್ಕಂಡು ಹೋಗಣ್ಣ" ಎಂದ ಮೈದುನ. ಇವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನೂ ಎದ್ದೆ.

ಬಸ್ಸಿನಲ್ಲಿ ಅವರು ಕಿಟಕಿಗೆ ಹಣೆ ಆನಿಸಿ ಕೂತರು. ಭುಜ ಅಲುಗುತ್ತಿತ್ತು. ಹೆಂಡತಿಯಾದವಳು ಕೈ ಹಿಡಿದುಕೊಳ್ಳಬೇಕಾದ ಸಮಯ ಅದು, ಅದು ನನಗೆ ತಿಳಿದಿತ್ತು. ಅಡಿಕೆ ತೋಟ ದಾಟಿತು, ತೆಂಗು ದಾಟಿತು, ಹೊಳಲ್ಕೆರೆ ಬಂತು. ನಾನು ಇಳಿದು ತವರಿಗೆ ಹೋಗುತ್ತೇನೆ ಎಂದೆ. ಅವರು ತಲೆಯಾಡಿಸಿದರು. ನಾನು ಅಲ್ಲಿ ಎರಡು ದಿನ ಇದ್ದು, ತಮ್ಮನ ಹೆಂಡತಿ ಮಾಡಿದ ಒಳ್ಳೊಳ್ಳೆ ಅಡಿಗೆ ಉಂಡು, ಚೆನ್ನಾಗಿ ನಿದ್ದೆ ಮಾಡಿದೆ.

ಈಗ ಅವರು ಭಾನುವಾರವೂ ಅಂಗಡಿ ತೆಗೆಯುತ್ತಾರೆ. ಮನೆಯಲ್ಲಿ ಮಾತಿಗೇನೂ ಕೊರತೆಯಿಲ್ಲ. ಗ್ಯಾಸು ಮುಗಿಯಿತು, ನೀರು ಬಂತು, ಕರೆಂಟು ಹೋಯಿತು ಎಂದೆಲ್ಲ ಮಾತಾಡುತ್ತೇವೆ. ಬೇಸಿಗೆ ರಜೆಗೆ ಇಂಗ್ಲಿಷ್ ಮೇಡಂ ಮತ್ತು ಅವರ ಗಂಡ ಹಡಗಿನಲ್ಲಿ ಹೋಗುತ್ತಿದ್ದಾರೆ. ನಾನೂ ಅವರ ಜೊತೆ ಸೇರಿಕೊಂಡಿದ್ದೇನೆ, ಒಬ್ಬಳಿಗೆ ಒಂದು ಕೋಣೆ, ಈ ಸಲ ಕಿಟಕಿಯಿರುವುದು. ಮೊನ್ನೆ ರೊಟ್ಟಿ ತಟ್ಟುತ್ತಾ ಅದನ್ನು ಹೇಳಿದೆ.

ಅವರು ತಟ್ಟೆಯಲ್ಲಿದ್ದ ರೊಟ್ಟಿ ಮುರಿಯುತ್ತಾ, "ನಾನೂ ಬರ್ಲೇನೇ?" ಎಂದರು.

"ಬ್ಯಾಡ್ರಿ" ಎಂದೆ. "ಅಲ್ಲಿ ಬರೀ ಮಕ್ಳು ಇರ್ತಾವೆ."

ಅವರು ಉಣ್ಣುತ್ತಿದ್ದ ತಟ್ಟೆಯಲ್ಲೇ ಕೈ ತೊಳೆದುಕೊಂಡು ಅಂಗಡಿಗೆ ಹೊರಟರು. ನಾನು ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದೆ.